ಸೊನೆ, ಸುಣ್ಣ, ಉಪ್ಪುನೀರು: ತುಕ್ಕು ಹಿಡಿಯದ ಮಡಿಚುವ ಚಾಕುವಿನ ಆಯ್ಕೆ

ಮಡಿಚುವ ಚಾಕುವಿಗೆ ತುಕ್ಕು ಮೊದಲು ಹತ್ತುವುದು ಕಣ್ಣಿಗೆ ಬೀಳದ ಜಾಗಗಳಲ್ಲಿ: ಅಲಗು ತಿರುಗುವ ಕೀಲಿನ ಸುತ್ತ, ಸ್ಪ್ರಿಂಗಿನ ಅಡಿಯಲ್ಲಿ, ಹಿಡಿಯ ಎರಡು ಪಟ್ಟಿಗಳ ನಡುವಿನ ಸಂದಿಯಲ್ಲಿ. ಅಡುಗೆಮನೆಯ ಚಾಕುವನ್ನು ತೊಳೆದು ಒರೆಸಿದರೆ ಕೆಲಸ ಮುಗಿಯಿತು. ಮಡಿಚುವ ಚಾಕುವಿನ ಒಳಗೆ ಇಳಿದ ನೀರು, ಹಣ್ಣಿನ ರಸ, ಉಪ್ಪು ಅಲ್ಲೇ ಉಳಿದು, ಚಾಕು ಜೇಬಿನಲ್ಲಿರುವಷ್ಟು ಹೊತ್ತೂ ಲೋಹವನ್ನು ತಿನ್ನುತ್ತಿರುತ್ತವೆ. ಆದ್ದರಿಂದ ಇಂಥ ಚಾಕುವನ್ನು ಆರಿಸುವಾಗ ಮೂರು ಪ್ರಶ್ನೆಗಳಿಗೆ ಒಟ್ಟಿಗೇ ಉತ್ತರ ಬೇಕು. ಚಾಕು ದಿನವೂ ಯಾವ ವಸ್ತುಗಳನ್ನು ಮುಟ್ಟುತ್ತದೆ? ಅಲಗು ಯಾವ ಉಕ್ಕಿನದು? ಒಳಗೆ ಹೋದದ್ದು ಹೊರಬರಲು ದಾರಿಯಿದೆಯೇ? ಅಂಗಡಿಯಲ್ಲಿ ಚರ್ಚೆಯಾಗುವುದು ಸಾಮಾನ್ಯವಾಗಿ ಎರಡನೆಯ ಪ್ರಶ್ನೆ ಮಾತ್ರ. ಚಾಕುವಿನ ಆಯುಷ್ಯವನ್ನು ನಿರ್ಧರಿಸುವುದು ಮಾತ್ರ ಮೂರೂ ಸೇರಿ.

ಒಳನಾಡಿನ ಆಮ್ಲ ಮತ್ತು ಕ್ಲೋರಿನ್

ತುಕ್ಕು ಎಂದರೆ ಸಮುದ್ರತೀರದ ಸಮಸ್ಯೆ ಎಂಬ ಭಾವನೆ ಸಾಮಾನ್ಯ. ಆದರೆ ಕಡಲಿಲ್ಲದ ಕೋಲಾರ ಜಿಲ್ಲೆಯಲ್ಲೂ ಚಾಕುವಿಗೆ ಕಷ್ಟ ಕಡಿಮೆಯೇನಿಲ್ಲ. ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿ ಆಂಧ್ರದ ಗಡಿಗೆ ಹತ್ತಿರದ ಊರು. ಇದು ಮಾವಿನ ತೋಪು, ಟೊಮೆಟೊ ಹೊಲ, ಹಿಪ್ಪುನೇರಳೆ ತೋಟಗಳ ಸೀಮೆ. ಇಲ್ಲಿನ ರೈತನ ಜೇಬಿನ ಚಾಕು ಒಂದೇ ದಿನದಲ್ಲಿ ಬಲೆದಾರ ಕತ್ತರಿಸಬಹುದು, ಕಾಯಿಯ ತೊಟ್ಟು ಕೊಯ್ಯಬಹುದು, ಹನಿ ನೀರಾವರಿ ಪೈಪು ಸೀಳಬಹುದು, ಗೊಬ್ಬರದ ಚೀಲ ಬಿಚ್ಚಬಹುದು. ಪ್ರತಿ ಕೆಲಸವೂ ಅಲಗಿನ ಮೇಲೆ ಏನನ್ನಾದರೂ ಬಿಟ್ಟುಹೋಗುತ್ತದೆ.

ಮೊದಲನೆಯದು ಮಾವು. ತೋತಾಪುರಿ, ಬಾದಾಮಿ, ರಸಪುರಿ, ಬೇನಿಷಾ, ನೀಲಂ ಯಾವುದೇ ಇರಲಿ, ತೊಟ್ಟು ಮುರಿದೊಡನೆ ಚಿಮ್ಮುವ ಸೊನೆ ಆಮ್ಲೀಯವಾದದ್ದು. ಹಣ್ಣಿನ ಸಿಪ್ಪೆಯ ಮೇಲೆ ಬಿದ್ದರೆ ಕಪ್ಪು ಕಲೆ ಮಾಡುತ್ತದೆ, ಮನುಷ್ಯನ ಚರ್ಮಕ್ಕೆ ತಾಗಿದರೆ ಸುಡುತ್ತದೆ. ಅದರಲ್ಲಿ ಎಣ್ಣೆ ಮತ್ತು ರಾಳದ ಅಂಶ ಇರುವುದರಿಂದ ಬರೀ ನೀರಿಗೆ ಬಿಡುವುದಿಲ್ಲ. ಕೀಲಿನೊಳಗೆ ಇಳಿದು ಗಟ್ಟಿಯಾಗಿ, ತೇವವನ್ನೂ ಧೂಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಮಾವಿನಕಾಯಿಯ ಹುಳಿಗೆ ಕಾರಣವಾದ ಸಿಟ್ರಿಕ್ ಮತ್ತು ಮ್ಯಾಲಿಕ್ ಆಮ್ಲಗಳು ಸಾದಾ ಕಬ್ಬಿಣದ ಅಲಗನ್ನು ನಿಮಿಷಗಳಲ್ಲೇ ಮಂಕಾಗಿಸುತ್ತವೆ. ಕಾಯಿಯ ಟ್ಯಾನಿನ್ ಕಬ್ಬಿಣದೊಡನೆ ಸೇರಿ ನೀಲಿಗಪ್ಪು ಬಣ್ಣ ಹುಟ್ಟುತ್ತದೆ. ಹಳೆಯ ಚಾಕುವಿನಿಂದ ಉಪ್ಪಿನಕಾಯಿಗೆ ಹೆಚ್ಚಿದ ಹೋಳುಗಳ ಅಂಚು ಕಪ್ಪಾಗುವುದು ಇದರಿಂದಲೇ. ಟೊಮೆಟೊ ಮತ್ತು ಹುಣಸೆ ಕೂಡ ಇದೇ ಸಾಲಿಗೆ ಸೇರುತ್ತವೆ.

ಎರಡನೆಯದು ಕ್ಲೋರಿನ್. ರೇಷ್ಮೆ ಹುಳು ಸಾಕಣೆ ಮನೆಯನ್ನು ಸೋಂಕುಮುಕ್ತ ಮಾಡಲು ಶೇ. 0.3ರ ಸುಣ್ಣದ ನೀರಿನಲ್ಲಿ ಶೇ. 2ರ ಬ್ಲೀಚಿಂಗ್ ಪೌಡರ್ ಬೆರೆಸಿ ಸಿಂಪಡಿಸುವುದು ರೂಢಿ. ಅದೇ ಮನೆಯಲ್ಲಿ ಸೊಪ್ಪು ಕತ್ತರಿಸುವ ಚಾಕು ತಟ್ಟೆಯ ಮೇಲೆ ಬಿದ್ದಿದ್ದರೆ, ಒಳ್ಳೆಯ ಸ್ಟೇನ್‌ಲೆಸ್ ಅಲಗಿನ ಮೇಲೂ ಮರುದಿನ ಕಂದು ಚುಕ್ಕೆ ಏಳಬಹುದು. ಪೊಟ್ಯಾಷ್ ಗೊಬ್ಬರವಾದ ಎಂಒಪಿ ಎಂದರೆ ಪೊಟ್ಯಾಸಿಯಂ ಕ್ಲೋರೈಡ್. ತೂಕದಲ್ಲಿ ಅರ್ಧಕ್ಕೆ ಹತ್ತಿರ ಕ್ಲೋರೈಡ್ ಇರುವ ಈ ಲವಣವು ಅಲಗಿನ ಮಟ್ಟಿಗೆ ಸಮುದ್ರದ ಉಪ್ಪಿನಂತೆಯೇ ವರ್ತಿಸುತ್ತದೆ. ಅಂಥ ಚೀಲ ಸೀಳಿದ ಚಾಕುವನ್ನು ಹಾಗೇ ಮಡಿಚಿ ಜೇಬಿಗಿಳಿಸುವುದೂ ಕಡಲ ನೀರಿನಲ್ಲಿ ಅದ್ದಿ ಮಡಿಚುವುದೂ ಪರಿಣಾಮದಲ್ಲಿ ಬೇರೆಯಲ್ಲ.

ಮೂರನೆಯದು ತಾಮ್ರ. ಮಾವಿನ ಗಿಡದ ಸವರಿದ ಗಾಯಗಳಿಗೆ ಬೋರ್ಡೋ ಮುಲಾಮು ಹಚ್ಚುತ್ತಾರೆ, ಎಲೆ ರೋಗಗಳಿಗೆ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಇದರ ಅಳತೆ. ದ್ರಾವಣ ಹದಕ್ಕೆ ಬಂದಿದೆಯೇ ಎಂದು ನೋಡುವ ಸಾಧನವೂ ಚಾಕುವೇ. ಉಜ್ಜಿ ಹೊಳಪು ಬಂದ ಕಬ್ಬಿಣದ ಚಾಕು ಅಥವಾ ಕುಡುಗೋಲಿನ ತುದಿಯನ್ನು ಒಂದೆರಡು ನಿಮಿಷ ದ್ರಾವಣದಲ್ಲಿ ಇಳಿಬಿಟ್ಟು ತೆಗೆದಾಗ, ಅದರ ಮೇಲೆ ಕೆಂಪು ತಾಮ್ರದ ಪದರ ಕೂತಿದ್ದರೆ ದ್ರಾವಣದಲ್ಲಿ ಸುಣ್ಣ ಸಾಲದು, ಬಿಡಿ ತಾಮ್ರ ಉಳಿದಿದೆ, ಎಲೆ ಸುಡುತ್ತದೆ ಎಂದರ್ಥ. ಪದರ ಕೂರದಿರುವವರೆಗೆ ಸುಣ್ಣದ ತಿಳಿ ಸೇರಿಸುತ್ತಾರೆ. ಇಲ್ಲಿ ಕಬ್ಬಿಣ ಕರಗಿ, ಅದರ ಜಾಗದಲ್ಲಿ ತಾಮ್ರ ಕೂರುತ್ತದೆ; ಅಂದರೆ ಅಲಗು ಸವೆಯುತ್ತದೆ. ಸ್ಟೇನ್‌ಲೆಸ್ ಅಲಗಿಗೆ ತನ್ನದೇ ರಕ್ಷಣಾ ಪದರ ಇರುವುದರಿಂದ ತಾಮ್ರ ಸುಲಭವಾಗಿ ಕೂರುವುದಿಲ್ಲ. ಕಾರ್ಖಾನೆಗಳಲ್ಲಿ ಸ್ಟೇನ್‌ಲೆಸ್ ಮೇಲ್ಮೈಯಲ್ಲಿ ಬಿಡಿ ಕಬ್ಬಿಣದ ಕಣಗಳು ಅಂಟಿವೆಯೇ ಎಂದು ಪರೀಕ್ಷಿಸಲು ಮೈಲುತುತ್ತದ ದ್ರಾವಣವನ್ನು ಬಳಸುವುದೂ ಇದೇ ಕಾರಣಕ್ಕೆ. ಹೀಗಾಗಿ ಬೋರ್ಡೋ ಪರೀಕ್ಷೆಗೆ ಹಳೆಯ ಕಬ್ಬಿಣದ ಕುಡುಗೋಲೇ ಸರಿ. ಸ್ಟೇನ್‌ಲೆಸ್ ಚಾಕು ಅದ್ದಿ ಕೆಂಪು ಕಾಣಲಿಲ್ಲವೆಂದು ಸಿಂಪಡಿಸಿದರೆ ಬೆಳೆಗೆ ಅಪಾಯ.

ಕಡಲ ಉಪ್ಪು

ಮಂಗಳೂರು, ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರದ ಬಂದರುಗಳಲ್ಲಿ ಪರಿಸ್ಥಿತಿ ಇನ್ನೂ ಕಠಿಣ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದ್ದು, ಅದರಲ್ಲಿ 19 ಗ್ರಾಂನಷ್ಟು ಕ್ಲೋರೈಡ್. ನೀರು ಆರಿದ ಮೇಲೂ ತೊಂದರೆ ತಪ್ಪುವುದಿಲ್ಲ. ಗಾಳಿಯ ತೇವಾಂಶ ಶೇ. 75 ದಾಟಿದರೆ ಅಡುಗೆ ಉಪ್ಪು ತಾನಾಗಿ ನೀರೊಡೆಯುತ್ತದೆ. ಸಮುದ್ರದ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡ್ ಅದಕ್ಕಿಂತ ಬಹಳ ಕಡಿಮೆ ತೇವದಲ್ಲೇ ಒದ್ದೆಯಾಗುತ್ತದೆ. ಕರಾವಳಿಯಲ್ಲಿ ಬಟ್ಟೆಯಿಂದ ಒರೆಸಿ ‘ಒಣಗಿಸಿದ’ ಚಾಕು ರಾತ್ರಿಯಿಡೀ ಒಳಗೊಳಗೇ ಒದ್ದೆಯಾಗಿರುವುದು ಹೀಗೆ. ಸಿಹಿನೀರಿನಲ್ಲಿ ತೊಳೆದು ಉಪ್ಪನ್ನೇ ಹೊರಹಾಕಬೇಕು, ಒರೆಸಿದರೆ ಸಾಲದು.

ಬೋಟಿನ ಮೇಲೆ ಚಾಕುವಿನ ಮುಖ್ಯ ಕೆಲಸ ನೈಲಾನ್ ಬಲೆ, ಪಾಲಿಪ್ರೊಪಿಲೀನ್ ಹಗ್ಗ ಕತ್ತರಿಸುವುದು. ಪ್ರೊಪೆಲ್ಲರಿಗೆ ಬಲೆ ಸುತ್ತಿಕೊಂಡಾಗ, ಹಗ್ಗಕ್ಕೆ ಕಾಲು ಸಿಕ್ಕಿದಾಗ ಚಾಕು ತಕ್ಷಣ ತೆರೆಯಬೇಕು. ತುಕ್ಕಿನಿಂದ ಕೀಲು ಬಿಗಿದ ಚಾಕು ಅಲ್ಲಿ ಇದ್ದೂ ಇಲ್ಲದಂತೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧವಿರುವ 61 ದಿನ ಬೋಟಿನ ಪೆಟ್ಟಿಗೆಯಲ್ಲೇ ಉಳಿದ ಚಾಕು ಮಳೆಗಾಲದ ತೇವದಲ್ಲಿ ಹಾಳಾಗುವ ಸಂಭವವೇ ಹೆಚ್ಚು. ತೊಳೆದು, ಎಣ್ಣೆ ಹಚ್ಚಿ ಎತ್ತಿಡಬೇಕಾದ ಕಾಲವದು.

ಸ್ಟೇನ್‌ಲೆಸ್ ಉಕ್ಕು ಕೆಲಸ ಮಾಡುವ ಬಗೆ

1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರೇರ್ಲಿ ಬಂದೂಕಿನ ನಳಿಗೆಗೆ ಒಳ್ಳೆಯ ಉಕ್ಕು ಹುಡುಕುತ್ತಿದ್ದಾಗ, ಶೇ. 12.8 ಕ್ರೋಮಿಯಂ ಸೇರಿಸಿದ ಉಕ್ಕು ಆಮ್ಲಕ್ಕೆ ಬಗ್ಗದಿರುವುದನ್ನು ಕಂಡರು. ಆ ಉಕ್ಕು ಮೊದಲು ಹೆಸರು ಮಾಡಿದ್ದು ಊಟದ ಮೇಜಿನ ಚಾಕುಗಳಲ್ಲಿ. ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ ಉಕ್ಕಿನ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಪದರ ಕಟ್ಟುತ್ತದೆ. ಗೀರಿದರೆ ಆ ಪದರ ತಾನಾಗಿ ಮತ್ತೆ ಬೆಳೆಯುತ್ತದೆ. ಇದಕ್ಕೆ ಕನಿಷ್ಠ ಶೇ. 10.5 ಕ್ರೋಮಿಯಂ ಬೇಕು.

ಈ ಪದರಕ್ಕೆ ಎರಡು ದೌರ್ಬಲ್ಯಗಳಿವೆ. ಕ್ಲೋರೈಡ್ ಅದನ್ನು ಸೂಜಿಮೊನೆಯಷ್ಟು ಜಾಗದಲ್ಲಿ ಒಡೆದು ಆಳವಾದ ಗುಳಿ ತೋಡುತ್ತದೆ. ಇನ್ನೊಂದು, ಗಾಳಿಯಾಡದ ಸಂದಿಯಲ್ಲಿ ಆಮ್ಲಜನಕ ಸಾಲದೆ ಪದರ ಮರಳಿ ಬೆಳೆಯುವುದಿಲ್ಲ. ಮಡಿಚುವ ಚಾಕುವಿನ ಕೀಲಿನಲ್ಲಿ ಇವೆರಡೂ ಒಟ್ಟಿಗೆ ಕೂಡಿಬರುತ್ತವೆ. ಹೊರಗೆ ಫಳಫಳ ಹೊಳೆಯುವ ಅಲಗನ್ನು ಬಿಚ್ಚಿ ನೋಡಿದರೆ ಬುಡದಲ್ಲಿ ಕಂದು ಉಂಗುರ ಕಾಣುವುದು ಇದರಿಂದ.

ಕ್ರೋಮಿಯಂ ಎಷ್ಟಿದೆ ಎನ್ನುವುದಕ್ಕಿಂತ ಎಷ್ಟು ಬಿಡಿಯಾಗಿದೆ ಎನ್ನುವುದು ಮುಖ್ಯ. ಅಲಗು ಗಟ್ಟಿಯಾಗಲು ಇಂಗಾಲ ಬೇಕು. ಇಂಗಾಲವೋ ಕ್ರೋಮಿಯಂ ಅನ್ನು ಹಿಡಿದು ಕಾರ್ಬೈಡ್ ಕಣ ಮಾಡಿಬಿಡುತ್ತದೆ. ಹಾಗೆ ಸಿಕ್ಕಿಬಿದ್ದ ಕ್ರೋಮಿಯಂ ರಕ್ಷಣಾ ಪದರಕ್ಕೆ ಒದಗದು. ಡಿ2 ಉಕ್ಕಿನಲ್ಲಿ ಸುಮಾರು ಶೇ. 12 ಕ್ರೋಮಿಯಂ ಇದ್ದರೂ ಶೇ. 1.5 ಇಂಗಾಲವೂ ಇರುವುದರಿಂದ ಅದು ಬೆವರಿಗೇ ತುಕ್ಕು ಹಿಡಿಯಬಲ್ಲದು. ಲೋಹವಿಜ್ಞಾನಿ ಲ್ಯಾರಿನ್ ಥಾಮಸ್ ರೂಪಿಸಿ 2021ರಲ್ಲಿ ಬಂದ ಮ್ಯಾಗ್ನಾಕಟ್ ಉಕ್ಕಿನಲ್ಲಿ ಕ್ರೋಮಿಯಂ ಬರೀ ಶೇ. 10.7. ಅಲ್ಲಿ ಇಂಗಾಲವನ್ನು ವನೇಡಿಯಂ ಮತ್ತು ನಯೋಬಿಯಂ ಕಟ್ಟಿಹಾಕುವುದರಿಂದ ಕ್ರೋಮಿಯಂ ಬಿಡಿಯಾಗಿ ಉಳಿದು, ಡಿ2ಗಿಂತ ಎಷ್ಟೋ ಪಾಲು ಚೆನ್ನಾಗಿ ತುಕ್ಕನ್ನು ತಡೆಯುತ್ತದೆ. ಡಬ್ಬದ ಮೇಲೆ ಬರೆದ ಕ್ರೋಮಿಯಂ ಶೇಕಡವನ್ನು ಮಾತ್ರ ನೋಡಿ ಕೊಳ್ಳುವುದು ಏಕೆ ತಪ್ಪೆಂದು ಈ ಎರಡು ಉಕ್ಕುಗಳು ತೋರಿಸುತ್ತವೆ.

ಕ್ಲೋರೈಡಿನ ಗುಳಿಗಳನ್ನು ತಡೆಯುವಲ್ಲಿ ಮಾಲಿಬ್ಡಿನಮ್ ಮತ್ತು ಸಾರಜನಕ ಕ್ರೋಮಿಯಂಗಿಂತ ಪ್ರಬಲ. ಲೋಹ ತಜ್ಞರ ಲೆಕ್ಕದಲ್ಲಿ ಕ್ರೋಮಿಯಂ ಶೇಕಡಕ್ಕೆ ಮಾಲಿಬ್ಡಿನಮ್‌ನ 3.3 ಪಟ್ಟು ಮತ್ತು ಸಾರಜನಕದ 16 ಪಟ್ಟು ಕೂಡಿಸುತ್ತಾರೆ. ಈ ಲೆಕ್ಕ ಮೂಲತಃ ಇಂಗಾಲ ಕಡಿಮೆಯಿರುವ ಉಕ್ಕುಗಳಿಗೆ ಹೊಂದುವಂಥದು. ಇಂಗಾಲ ಹೆಚ್ಚಿರುವ ಅಲಗುಗಳಿಗೆ ಹಾಗೇ ಅನ್ವಯಿಸಿದರೆ ದಾರಿ ತಪ್ಪಿಸುತ್ತದೆ.

ಉಕ್ಕಿನ ನಾಲ್ಕು ಗುಂಪು

ಮೊದಲನೆಯ ಗುಂಪು ಇಂಗಾಲದ ಉಕ್ಕು. ಊರಿನ ಕುಲುಮೆಯಲ್ಲಿ ಲಾರಿಯ ಕಮಾನು ಪಟ್ಟಿಯಿಂದ ಬಡಿದು ಮಾಡುವ ಮಚ್ಚು, ಕುಡುಗೋಲು ಈ ಗುಂಪಿನವು. ಬೇಗ ಹರಿತವಾಗುತ್ತವೆ, ಪೆಟ್ಟು ತಡೆಯುತ್ತವೆ. ತುಕ್ಕಿಗೆ ಮಾತ್ರ ತಡೆಯೇ ಇಲ್ಲ. ದಿನವೂ ಬಳಸಿ ಒರೆಸುವ ಬಿಚ್ಚು ಆಯುಧಕ್ಕೆ ಇದು ಸರಿ. ಮಡಿಚಿ ಜೇಬಿನಲ್ಲಿಡುವ ಚಾಕುವಿಗೆ ಅಷ್ಟು ಸರಿಯಲ್ಲ.

ಎರಡನೆಯದು ಮಧ್ಯಮ ಇಂಗಾಲದ ಸ್ಟೇನ್‌ಲೆಸ್. 420ಎಚ್‌ಸಿ, 12ಸಿ27, 14ಸಿ28ಎನ್ ಇಲ್ಲಿಗೆ ಸೇರುತ್ತವೆ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಚಾಕುಗಳ ಉಕ್ಕು ಕೂಡ ಇದೇ ಬಗೆಯದು. ಅದರಲ್ಲಿ ಸುಮಾರು ಶೇ. 0.5 ಇಂಗಾಲ, ಶೇ. 15 ಕ್ರೋಮಿಯಂ, ಶೇ. 0.5 ಮಾಲಿಬ್ಡಿನಮ್ ಇದ್ದು, ಗಡಸುತನ ರಾಕ್‌ವೆಲ್ ಮಾಪಕದಲ್ಲಿ 56ರ ಆಸುಪಾಸು. 1890ರಲ್ಲಿ ಫ್ರಾನ್ಸಿನ ಸವಾಯ್ ಸೀಮೆಯಲ್ಲಿ ಹುಟ್ಟಿದ ಒಪಿನೆಲ್ ಚಾಕು ಇಂಗಾಲದ ಉಕ್ಕಿನಲ್ಲೂ 12ಸಿ27 ಉಕ್ಕಿನಲ್ಲೂ ಸಿಗುತ್ತದೆ. ಈ ಗುಂಪಿನ ಉಕ್ಕಿನಲ್ಲಿ ಕಾರ್ಬೈಡ್ ಕಣಗಳು ಸಣ್ಣವು. ಹಾಗಾಗಿ ಅಂಚು ನುಣುಪಾಗಿ ಬರುತ್ತದೆ, ಸಾದಾ ಸಾಣೆಕಲ್ಲಿಗೂ ಒಗ್ಗುತ್ತದೆ. 14ಸಿ28ಎನ್‌ಗೆ ಸೇರಿಸಿರುವ ಶೇ. 0.11ರಷ್ಟು ಸಾರಜನಕ ಅದರ ತುಕ್ಕುನಿರೋಧವನ್ನು ಗಣನೀಯವಾಗಿ ಹೆಚ್ಚಿಸಿದೆ.

ಮೂರನೆಯದು ಹೆಚ್ಚು ಇಂಗಾಲದ ಸ್ಟೇನ್‌ಲೆಸ್: 440ಸಿ, ವಿಜಿ-10, 154ಸಿಎಂ, ಎಸ್‌30ವಿ. ಹರಿತ ಹೆಚ್ಚು ಕಾಲ ನಿಲ್ಲುತ್ತದೆ, ಸಾಣೆ ಹಿಡಿಯುವುದು ಕಷ್ಟ. ಒಳನಾಡಿನ ಬಳಕೆಗೆ ಇವುಗಳ ತುಕ್ಕುನಿರೋಧ ಸಾಕು. ಕಡಲ ನೀರಿನಲ್ಲಿ ನಿತ್ಯ ನೆನೆಯುವ ಕೆಲಸಕ್ಕೆ ಸಾಲದು.

ನಾಲ್ಕನೆಯದು ಕಡಲಿಗೆಂದೇ ಒದಗುವ ಸಾರಜನಕ ಉಕ್ಕು. ಜಪಾನಿನ ಎಚ್‌1ರಲ್ಲಿ ಇಂಗಾಲ ಶೇ. 0.15ನ್ನು ಮೀರುವುದಿಲ್ಲ, ಅಮೆರಿಕದ ಸ್ಪೈಡರ್ಕೊ ಕಂಪನಿಯ ಸಾಲ್ಟ್ ಸರಣಿ ಈ ಉಕ್ಕನ್ನು ಪ್ರಸಿದ್ಧಗೊಳಿಸಿತು. ಬೇರಿಂಗುಗಳಿಗಾಗಿ ಬೆಳೆದುಬಂದ ಎಲ್‌ಸಿ200ಎನ್‌ನಲ್ಲಿ ಶೇ. 0.3 ಇಂಗಾಲ, ಶೇ. 15 ಕ್ರೋಮಿಯಂ, ಶೇ. 1 ಮಾಲಿಬ್ಡಿನಮ್, ಶೇ. 0.4 ಸಾರಜನಕ, ಮೇಲಿನ ಲೆಕ್ಕದಲ್ಲಿ 24.7. ಸ್ವೀಡನ್ನಿನ ವ್ಯಾನಾಕ್ಸ್‌ನಲ್ಲಿ ಶೇ. 1.5 ದಾಟಿದ ಸಾರಜನಕವಿದ್ದು, ತುಕ್ಕುನಿರೋಧ ಮತ್ತು ಹರಿತ ಎರಡೂ ಒಟ್ಟಿಗೆ ಸಿಗುತ್ತವೆ. ಇವುಗಳ ಬೆಲೆ ಎರಡನೆಯ ಗುಂಪಿನ ಚಾಕುಗಳಿಗಿಂತ ಹಲವು ಪಟ್ಟು. ಟೈಟೇನಿಯಂ ಅಲಗಿಗೆ ತುಕ್ಕೇ ಇಲ್ಲವಾದರೂ ಹರಿತ ನಿಲ್ಲದು. ಸೆರಾಮಿಕ್ ಅಲಗು ಕೆಳಗೆ ಬಿದ್ದರೆ ಚೂರಾಗುತ್ತದೆ.

ಕೀಲು, ಬೆನ್ನು, ಹಿಡಿ

ಅಲಗಿನ ಉಕ್ಕು ಎಷ್ಟೇ ಒಳ್ಳೆಯದಿರಲಿ, ಒಳಗಿನ ಸ್ಪ್ರಿಂಗು, ತಿರುಪು, ಜೇಬಿನ ಕೊಕ್ಕೆ ಅಗ್ಗದ ಉಕ್ಕಿನವಾಗಿದ್ದರೆ ಚಾಕು ಅಲ್ಲಿಂದಲೇ ಕೆಡುತ್ತದೆ. ಕಡಲಿಗೆ ಕೊಳ್ಳುವ ಚಾಕುವಿನಲ್ಲಿ ಇವೂ ಸ್ಟೇನ್‌ಲೆಸ್ ಅಥವಾ ಟೈಟೇನಿಯಂ ಆಗಿರಬೇಕು. ಸ್ಟೇನ್‌ಲೆಸ್ ಅಲಗಿಗೆ ತಾಗಿಕೊಂಡು ಅಲ್ಯೂಮಿನಿಯಂ ಹಿಡಿ ಇದ್ದರೆ ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ಕರಗುತ್ತದೆ. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ವಿದ್ಯುತ್ ಕೋಶದ ಕೆಲಸ ಮಾಡುವುದರಿಂದ ಹೀಗಾಗುತ್ತದೆ. ಸಿಹಿನೀರಿನ ಊರುಗಳಲ್ಲಿ ಈ ತೊಂದರೆ ನಗಣ್ಯ.

ಹಿಡಿಯ ಬೆನ್ನು ತೆರೆದಿದ್ದು, ಎರಡು ಪಟ್ಟಿಗಳನ್ನು ಸಣ್ಣ ಕಂಬಿಗಳಷ್ಟೇ ಜೋಡಿಸಿದ್ದರೆ, ನಲ್ಲಿಯ ಕೆಳಗೆ ಹಿಡಿದಾಗ ನೀರು ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಕೊಳೆ ಸಮೇತ ಹೊರಬರುತ್ತದೆ. ಬೆನ್ನು ಪೂರ್ತಿ ಮುಚ್ಚಿರುವ, ಹತ್ತಾರು ಉಪಕರಣಗಳನ್ನು ಒತ್ತೊತ್ತಾಗಿ ಜೋಡಿಸಿದ ಚಾಕುವಿನಲ್ಲಿ ಸೊನೆ ಸೇರಿದರೆ ತೆಗೆಯುವುದು ಕಷ್ಟ. ಕೀಲಿನಲ್ಲಿ ಉಕ್ಕಿನ ಗುಂಡುಗಳ ಬೇರಿಂಗಿಗಿಂತ ಕಂಚಿನ ಅಥವಾ ನೈಲಾನಿನ ವಾಷರ್ ಮೇಲು. ಮಣ್ಣಿನ ಕಣ ಸಿಕ್ಕರೂ ಚಾಕು ತಿರುಗುತ್ತದೆ. ತಿರುಪಿನ ಕೀಲನ್ನು ಬಿಚ್ಚಿ ತೊಳೆಯಬಹುದು, ರಿವೆಟ್ ಹೊಡೆದದ್ದನ್ನು ಬಿಚ್ಚಲಾಗದು. ಮರದ ಹಿಡಿ ಕೈಗೆ ಹಿತವಾದರೂ ನೆನೆದರೆ ಉಬ್ಬುತ್ತದೆ. ಒಪಿನೆಲ್‌ನಂಥ ಚಾಕು ಮಳೆಯಲ್ಲಿ ನೆನೆದಾಗ ಅಲಗು ಹೊರಬರಲಾರದೆ ಕಚ್ಚಿಕೊಳ್ಳುವುದುಂಟು. ನೈಲಾನ್ ಮತ್ತು ಗಾಜಿನ ನಾರಿನ ಹಿಡಿಗಳಿಗೆ ಈ ತೊಂದರೆಯಿಲ್ಲ.

ಅಲಗಿನ ಮೇಲ್ಮೈಯೂ ಲೆಕ್ಕಕ್ಕೆ ಬರುತ್ತದೆ. ನುಣ್ಣಗೆ ಹೊಳಪು ಕೊಟ್ಟ ಅಲಗಿನಲ್ಲಿ ನೀರು ನಿಲ್ಲುವುದಿಲ್ಲ. ಮರಳೆರಚಿ ಮಂಕಾಗಿಸಿದ ಅಲಗಿನ ತಗ್ಗುಗಳಲ್ಲಿ ನಿಲ್ಲುತ್ತದೆ. ಕಪ್ಪು ಲೇಪನ ಇರುವಷ್ಟು ಕಾಲ ಕಾಪಾಡುತ್ತದೆ, ಆದರೆ ಹರಿತದ ಅಂಚು ಯಾವಾಗಲೂ ಬರಿಯದೇ.

ಕೆಲಸಕ್ಕೆ ತಕ್ಕ ಅಲಗು

ಮಾವಿನ ಸೀಮೆಯಲ್ಲಿ ಮಡಿಚುವ ಚಾಕುವಿನ ಅತಿ ಸೂಕ್ಷ್ಮ ಕೆಲಸವೆಂದರೆ ಕಸಿ. ಶ್ರೀನಿವಾಸಪುರ ತಾಲ್ಲೂಕಿನ ಹೊಗಳಗೆರೆಯಲ್ಲಿ ತೋಟಗಾರಿಕೆ ಇಲಾಖೆಯ ಮಾವು ಕೇಂದ್ರವಿದೆ. ಖಾಸಗಿ ನರ್ಸರಿಗಳೂ ಈ ಭಾಗದಲ್ಲಿವೆ. ಎಳೆಕಾಂಡದ ಕಸಿಯಲ್ಲಿ ಕಸಿಕಡ್ಡಿಯ ಬುಡವನ್ನು ಎರಡೂ ಕಡೆಯಿಂದ 3–4 ಸೆಂ.ಮೀ. ಓರೆಯಾಗಿ ಕೆತ್ತಿ ಬೆಣೆ ಮಾಡುತ್ತಾರೆ. ಬುಡದ ಸಸಿಯ ತುದಿ ಕತ್ತರಿಸಿ, ಅಷ್ಟೇ ಆಳ ಸೀಳಿ, ಬೆಣೆ ಕೂರಿಸಿ ಪಾಲಿಥೀನ್ ಪಟ್ಟಿ ಬಿಗಿಯುತ್ತಾರೆ. ಎರಡೂ ಮೈಗಳು ಕೂದಲೆಳೆಯ ಸಂದಿಯೂ ಇಲ್ಲದಂತೆ ಕೂಡಿದರೆ ಮಾತ್ರ ಕಸಿ ಕಚ್ಚುತ್ತದೆ. ತುಕ್ಕಿನ ಗುಳಿಗಳಿಂದ ಅಂಚು ಹಲ್ಲುಹಲ್ಲಾದ ಚಾಕು ಕೆತ್ತುವ ಬದಲು ಹರಿಯುತ್ತದೆ, ಕಸಿ ಒಣಗುತ್ತದೆ. ಕಸಿ ಚಾಕುವಿನ ಅಂಚನ್ನು ಒಂದೇ ಬದಿಯಿಂದ ಇಳಿಜಾರಾಗಿ ಸಾಣೆ ಹಿಡಿದಿರುತ್ತಾರೆ, ಆಗ ಕೆತ್ತಿದ ಮೈ ಸಪಾಟಾಗಿ ಬರುತ್ತದೆ. ಎಡಗೈಯವರಿಗೆ ಇಳಿಜಾರು ಇನ್ನೊಂದು ಬದಿಗೆ ಇರಬೇಕು. ಈ ಕೆಲಸಕ್ಕೆ 12ಸಿ27, 14ಸಿ28ಎನ್‌ನಂಥ ಸಣ್ಣ ಕಣದ ಉಕ್ಕು ತಕ್ಕುದು. ಸಸಿಯಿಂದ ಸಸಿಗೆ ರೋಗ ಹರಡದಂತೆ ಚಾಕುವನ್ನು ಬ್ಲೀಚಿನಲ್ಲಿ ಅದ್ದುವುದಕ್ಕಿಂತ ಶೇ. 70ರ ಆಲ್ಕೋಹಾಲಿನಲ್ಲಿ ಒರೆಸುವುದು ಅಲಗಿಗೆ ಒಳ್ಳೆಯದು.

ಬೋಟಿನ ಕೆಲಸಕ್ಕೆ ತುದಿ ಮೊಂಡಾದ ಅಲಗು ಕ್ಷೇಮ. ಅಲೆಗೆ ಕಾಲು ಜಾರಿದಾಗ ಯಾರಿಗೂ ಚುಚ್ಚದು. ಹಗ್ಗಕ್ಕೆ ಗರಗಸದ ಹಲ್ಲಿನ ಅಂಚು ಚೆನ್ನಾಗಿ ಹಿಡಿಯುತ್ತದೆ. ಎಚ್‌1ನಂಥ ಮೆದು ಉಕ್ಕಿನಲ್ಲಿ ಹಲ್ಲಿನ ಅಂಚೇ ಹೆಚ್ಚು ಕಾಲ ಬಾಳುತ್ತದೆ. ಒಂದೇ ಕೈಯಲ್ಲಿ ತೆರೆಯುವಂತಿರಬೇಕು, ತೆರೆದ ಮೇಲೆ ಲಾಕ್ ಬೀಳಬೇಕು, ದಾರ ಕಟ್ಟಲು ತೂತಿರಬೇಕು. ದಿನಬಳಕೆಗೆ 7ರಿಂದ 9 ಸೆಂ.ಮೀ. ಅಲಗು ಸಾಕು.

ಕೊಳ್ಳುವಾಗ ನೋಡಬೇಕಾದ್ದು

‘ಸ್ಟೇನ್‌ಲೆಸ್’ ಎಂದಷ್ಟೇ ಬರೆದು ಉಕ್ಕಿನ ಹೆಸರು ಹೇಳದ ಚಾಕುವನ್ನು ಆಯಸ್ಕಾಂತದಿಂದ ಪರೀಕ್ಷಿಸಬಹುದು. ಪಾತ್ರೆಗೆ ಬಳಸುವ, ಶೇ. 18 ಕ್ರೋಮಿಯಂ ಮತ್ತು ಶೇ. 8 ನಿಕ್ಕಲ್ ಇರುವ 304 ಉಕ್ಕಿಗೆ ಆಯಸ್ಕಾಂತ ಹಿಡಿಯುವುದಿಲ್ಲ. ಅದು ಸುಲಭವಾಗಿ ತುಕ್ಕು ಹಿಡಿಯದು, ಆದರೆ ಕಾಯಿಸಿ ಗಟ್ಟಿ ಮಾಡಲೂ ಬರದು. ಅಂಥ ಅಲಗಿನ ಹರಿತ ಒಂದು ಬುಟ್ಟಿ ಕಾಯಿಗೂ ನಿಲ್ಲದು. ಬಟನ್ ಒತ್ತಿದರೆ ಚಿಮ್ಮುವ ಚಾಕುಗಳ ಸ್ಪ್ರಿಂಗು ಕೊಳೆ ಸೇರಿದರೆ ಮೊದಲು ಕೈಕೊಡುವ ಭಾಗ. ಕೆಲಸದ ಚಾಕುವಿಗೆ ಅವು ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು ಆಯುಧಗಳ ಪಟ್ಟಿಗೆ ಸೇರಿಸಿ, ಮನೆಬಳಕೆ, ಕೃಷಿ, ವಿಜ್ಞಾನ, ಕೈಗಾರಿಕೆಗಳಿಗಾಗಿ ಮಾಡಿದವನ್ನು ಹೊರಗಿಟ್ಟಿವೆ. ಜೇಬಿನ ಚಾಕು ಈ ಅಳತೆಯಿಂದ ಬಹಳ ಕೆಳಗಿದೆ. ವಿಮಾನದಲ್ಲಿ ಕೈಚೀಲದೊಳಗೆ ಮಾತ್ರ ಒಯ್ಯುವಂತಿಲ್ಲ.

ಆರೈಕೆ

ಮಾವಿನ ಸೊನೆಯನ್ನು ಮೊದಲು ಕೊಬ್ಬರಿ ಎಣ್ಣೆ ಅಥವಾ ಸೀಮೆಎಣ್ಣೆಯಿಂದ ಸಡಿಲಿಸಿ, ಆಮೇಲೆ ಸೋಪು ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೀಲಿನ ಸಂದಿ ಉಜ್ಜಬೇಕು. ಗೊಬ್ಬರ, ಬ್ಲೀಚಿಂಗ್ ಪೌಡರ್, ಬೋರ್ಡೋ, ಕಡಲ ನೀರು ಮುಟ್ಟಿದ ಚಾಕುವನ್ನು ಅಂದೇ ಸಿಹಿನೀರಿನಲ್ಲಿ ಹಲವು ಬಾರಿ ತೆರೆದು ಮುಚ್ಚಿ ತೊಳೆದು, ತೆರೆದ ಸ್ಥಿತಿಯಲ್ಲೇ ಒಣಗಲು ಬಿಡಬೇಕು. ಕೀಲಿಗೆ ಒಂದು ಹನಿ ಎಣ್ಣೆ ಸಾಕು. ಕಡಲೆಕಾಯಿ ಎಣ್ಣೆಯಂಥವು ಕ್ರಮೇಣ ಅಂಟಾಗುತ್ತವೆ; ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಅಂಟಾಗದು, ಹಣ್ಣು ಕೊಯ್ಯುವ ಅಲಗಿಗೂ ನಿರಪಾಯ. ಕಬ್ಬಿಣದ ನಾರಿನಿಂದ ಸ್ಟೇನ್‌ಲೆಸ್ ಅಲಗನ್ನು ಉಜ್ಜಿದರೆ ಕಬ್ಬಿಣದ ಕಣಗಳು ಅಂಟಿ, ಅವೇ ತುಕ್ಕಾಗುತ್ತವೆ. ಒಣ ಚಕ್ರದ ಸಾಣೆಯಲ್ಲಿ ಅಂಚು ನೀಲಿ ತಿರುಗುವಷ್ಟು ಕಾಯ್ದರೆ ಗಡಸುತನ ಹೋಗುತ್ತದೆ, ತುಕ್ಕುನಿರೋಧವೂ ಕುಗ್ಗುತ್ತದೆ. ನೀರು ಹನಿಸುತ್ತ ಕಲ್ಲಿನ ಮೇಲೆ ತೀಡುವುದೇ ಸರಿಯಾದ ಕ್ರಮ.

ಒಟ್ಟಿನಲ್ಲಿ ಗೌನಿಪಲ್ಲಿಯಂಥ ಒಳನಾಡಿನ ಊರಿಗೆ ಎರಡನೆಯ ಗುಂಪಿನ ಉಕ್ಕು, ನೈಲಾನ್ ಹಿಡಿ, ತೆರೆದ ಬೆನ್ನು, ತಿರುಪಿನ ಕೀಲು ಇರುವ ಚಾಕು ಎಲ್ಲ ಕೆಲಸಕ್ಕೂ ಸಾಕು. ಅದಕ್ಕಿಂತ ದುಬಾರಿ ಉಕ್ಕಿಗೆ ಕೊಡುವ ಹಣಕ್ಕಿಂತ ಸಂಜೆಯ ತೊಳೆತ ಹೆಚ್ಚು ಕಾಪಾಡುತ್ತದೆ. ಆಗೊಮ್ಮೆ ಈಗೊಮ್ಮೆ ಕರಾವಳಿಗೆ ಹೋಗುವವರಿಗೂ 14ಸಿ28ಎನ್ ಸಾಕು. ಸಾರಜನಕ ಉಕ್ಕಿನ ಬೆಲೆ ತೆರುವುದು ನ್ಯಾಯವೆನಿಸುವುದು ದಿನವಿಡೀ ಉಪ್ಪುನೀರಿನಲ್ಲಿ ದುಡಿಯುವವರಿಗೆ, ಅಂದರೆ ಬೋಟಿನ ಮೇಲೆ ಸಿಹಿನೀರು ಕುಡಿಯುವುದಕ್ಕಷ್ಟೇ ಸಾಲುವಾಗ ಚಾಕು ತೊಳೆಯಲು ಅವಕಾಶವೇ ಇಲ್ಲದವರಿಗೆ.